ಕಾಲೆತ್ತಿದ ಗೊಂಬೆ

ಜೋಗ
೨ ನವೆಂಬರ್ ೧೯೬೯, ಭಾನುವಾರ

ನನ್ನ ಪ್ರೀತಿಯ ಶಾಂತ,

ಮೊದಲು ಬೈದು ಮುಗಿಸು, ಆಮೇಲೆ ಓದಲು ಕೂರು. ದೆಹಲಿಯಿಂದ ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಮದುವೆಯಾದ ಮೇಲೆ ಇವಳು ನನ್ನನ್ನು ಮರೆತಳು ಎಂದುಕೊಂಡಿರುತ್ತೀಯ. ಮರೆತಿಲ್ಲ ಕಣೇ. ನಿನ್ನ ಕಾಗದ ಇಷ್ಟು ದಿನ ನನ್ನ ಕೈಯಲ್ಲೇ ಇರಲಿಲ್ಲ, ನನ್ನ ಅತ್ತೆಯ ಊರಿನಲ್ಲಿ ಮನೆಮನೆ ತಿರುಗುತ್ತಿತ್ತು. ಆ ಕಥೆ ಮುಂದೆ ಬರುತ್ತದೆ.

ಕನ್ನಡದಲ್ಲಿ ಬರೆದಿದ್ದಾಳಲ್ಲ ಎಂದು ಹುಬ್ಬೇರಿಸಬೇಡ. ಹಾಸ್ಟೆಲಿನಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದು ಬೆಂಚಿನ ಮೇಲೆ ನಿಂತವರು ನಾವು. ಆದರೆ ನನ್ನ ಅತ್ತೆ ಆಡಿದ ಮಾತನ್ನು ಇಂಗ್ಲಿಷಿಗೆ ಹಾಕಿದರೆ ಉಪ್ಪಿಲ್ಲದ ಸಾರಾಗುತ್ತದೆ. ಎರಡು ಸಲ ಪ್ರಯತ್ನಿಸಿ ಹರಿದು ಹಾಕಿದೆ.

ನಾನು ಚೆನ್ನಾಗಿದ್ದೇನೆ. ಎಷ್ಟು ಚೆನ್ನಾಗಿದ್ದೇನೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಲಗ್ನಪತ್ರಿಕೆಯಲ್ಲಿ ಇವರ ಹೆಸರು ಓದಿ ನೀನು ನಕ್ಕಿದ್ದೆ, ನಾನೂ ನಕ್ಕಿದ್ದೆ. ಈಗ ಆ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಬರೆಯಬಾರದು ಎಂದು ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತೇನೆ: ಬೆಳ್ಳಪ್ಪ, ಬೆಳ್ಳಪ್ಪ, ಬೆಳ್ಳಪ್ಪ. ಇಲ್ಲಿನ ವಿದ್ಯುದಾಗಾರದಲ್ಲಿ ಆಪರೇಟರ್. ನಮ್ಮ ಕ್ವಾರ್ಟರ್ಸಿಗೆ ಎರಡು ಕೋಣೆ, ಒಂದು ಅಡಿಗೆಮನೆ. ನನ್ನ ಕಥೆ ಪುಸ್ತಕಗಳ ಪೆಟ್ಟಿಗೆ ಮಂಚದ ಕೆಳಗೆ ಹಿಡಿಸಲಿಲ್ಲ. ಇವರು ಇಟ್ಟಿಗೆ ತಂದು ಮಂಚವನ್ನೇ ಎತ್ತರಿಸಿದರು. ಈಗ ಮಂಚ ಹತ್ತಲು ನನಗೆ ಮಣೆ ಬೇಕು.

ಇವರು ಎಂಥವರು ಎಂದು ಕೇಳಿದ್ದೆಯಲ್ಲ, ಒಂದು ಘಟನೆ ಹೇಳುತ್ತೇನೆ. ಇಲ್ಲಿ ಶನಿವಾರ ಕ್ಲಬ್ಬಿನಲ್ಲಿ ಸಿನಿಮಾ, ಅದಕ್ಕೂ ಮೊದಲು ನ್ಯೂಸ್ ರೀಲ್. ಒಂದು ಶನಿವಾರ ಮಂತ್ರಿಗಳು, ಪ್ರವಾಹ, ಹೊಸ ಕಾರ್ಖಾನೆ ಎಲ್ಲ ಮುಗಿದ ಮೇಲೆ ಪರದೆ ಇದ್ದಕ್ಕಿದ್ದಂತೆ ಬೆಳ್ಳಗಾಯಿತು. ಮಂಜುಗಡ್ಡೆ ಕಣೇ. ಅದರ ಮೇಲೆ ಒಬ್ಬಳು ಹುಡುಗಿ ಹಿಮ್ಮುಖವಾಗಿ ಜಾರಿಕೊಂಡು ಬಂದಳು, ಒಂದು ಕಾಲು ಬಾಲದ ಹಾಗೆ ಹಿಂದಕ್ಕೆ ಚಾಚಿದಳು, ಆಮೇಲೆ ನಿಂತಲ್ಲೇ ಬುಗುರಿಯಾದಳು. ನಾನು ಎದ್ದು ನಿಂತುಬಿಟ್ಟಿದ್ದೆ. ಹಿಂದಿನವರು "ಕೂತ್ಕೊಳ್ಳಮ್ಮಾ, ಪಿಚ್ಚರ್ ಕಾಣ್ತಿಲ್ಲ" ಎಂದು ಕೂಗಿದಾಗಲೇ ಎಚ್ಚರ. ಅಷ್ಟರಲ್ಲಿ ಮುಗಿದೇ ಹೋಯಿತು. ಆಮೇಲೆ ಬಂದ ಸಿನಿಮಾ ಏನೆಂದು ನನಗೆ ನೆನಪಿಲ್ಲ.

ಸಿನಿಮಾ ಮುಗಿದು ಜನ ಏಳುತ್ತಿದ್ದ ಹಾಗೆ ಇವರು ಪ್ರೊಜೆಕ್ಟರಿನವನ ಹತ್ತಿರ ಹೋಗಿ ಏನೋ ಪಿಸುಗುಟ್ಟಿದರು. ಮತ್ತೆ ದೀಪ ಆರಿತು. ಇನ್ನೊಂದು ಸಿನಿಮಾ ಪುಕ್ಕಟೆ ಎಂದುಕೊಂಡು ಎಲ್ಲರೂ ಓಡಿಬಂದು ಕೂತರು. ಬಂದದ್ದು ನನ್ನ ಸ್ಕೇಟಿಂಗ್ ಹುಡುಗಿ. ಮನೆಗೆ ಬರುವಾಗ ಇವರು, "ನೋಡಿದ್ಯಾ, ಕೈ ಚಾಚಿದಾಗ ನಿಧಾನ, ಎದೆಗೆಳ್ಕೊಂಡಾಗ ಜೋರು. ನಮ್ಮ ಟರ್ಬೈನಿನ ವೇಗ ಹಿಡಿಯೋಕೆ ಹಿಂಗೇ ಕೈ ಚಾಚಿ ತಿರುಗೋ ಗುಂಡು ಇರ್ತದೆ" ಎಂದರು. ಪ್ರೀತಿಯ ಮಾತಿಗೆ ಟರ್ಬೈನು ತರುವವರು ಇವರೊಬ್ಬರೇ ಇರಬೇಕು.

ನಮ್ಮ ತುಹಿನಾಪುರ ನೆನಪಿದೆಯೇ? ಲೈಬ್ರರಿಯ ಅದ್ಭುತ ಕಥೆಗಳನ್ನೆಲ್ಲ ಓದಿ ಮುಗಿಸಿ, ಇನ್ನೂ ಸಾಲದೆಂದು ನಾವೇ ಕಟ್ಟಿದ ರಾಜ್ಯ. ಅಲ್ಲಿ ಯಾರೂ ನಡೆಯುವುದಿಲ್ಲ, ಎಲ್ಲರೂ ಮಂಜಿನ ಮೇಲೆ ಜಾರುವವರೇ. ಮಂಜಿನ ಕೆಳಗೆ ಹಳೆಯ ಊರೊಂದು ಮಲಗಿದೆ, ಅದಕ್ಕೆ ನೋವಾಗದಂತೆ ಹಗುರವಾಗಿ ಹೋಗಬೇಕು ಎಂದು ನೀನು ಕಾನೂನು ಮಾಡಿದ್ದೆ. ಅಮ್ಮ ತೀರಿಕೊಂಡ ವರ್ಷ ಅಪ್ಪ ನನ್ನನ್ನು ತೀರ್ಥಹಳ್ಳಿಯಿಂದ ಕರೆತಂದು ಹಾಸ್ಟೆಲಿಗೆ ಸೇರಿಸಿದ ದಿನ, ಪಕ್ಕದ ಮಂಚದಲ್ಲಿ ನೀನು ಇರದಿದ್ದರೆ ನಾನು ಎಲ್ಲಿರುತ್ತಿದ್ದೆನೋ. ಇರಲಿ.

ಈಗ ನಿನ್ನ ಕಾಗದದ ಕಥೆ. ಭೂಮಿ ಹುಣ್ಣಿಮೆಗೆಂದು ಇವರ ಊರಿಗೆ ಹೋಗಿದ್ದೆವು. ಸಾಗರದಿಂದ ಹೊಳೆಬಾಗಿಲಿಗೆ ಹೋಗಿ, ಅಣೆಕಟ್ಟಿನ ಹಿನ್ನೀರನ್ನು ದೋಣಿಯಲ್ಲಿ ದಾಟಬೇಕು. ನಾನು ನಿನ್ನ ಕಾಗದವನ್ನು ಸಂಗಡ ಒಯ್ದಿದ್ದೆ. ನೀನು ಪಕ್ಕದ ಮನೆಯವರ ಟೆಲಿವಿಷನ್ನಿನಲ್ಲಿ ನೋಡಿದ ಕುಣಿತವನ್ನು ಎರಡು ಹಾಳೆ ತುಂಬ ಬರೆದಿದ್ದೆಯಲ್ಲ, ಅದನ್ನು ಜಗಲಿಯಲ್ಲಿ ಕೂತು ಅತ್ತೆಗೆ ಓದಿ ಹೇಳಿದೆ. ಅತ್ತೆಯ ಹೆಸರು ಗುತ್ಯಮ್ಮ. ಮಾತು ಕಡಿಮೆ, ಆಡಿದರೆ ತೂಕ. ನರ್ತಕಿಯ ಮುಖವನ್ನೇ ತೋರಿಸುತ್ತಾ ಪಾದ ತೋರಿಸಲೇ ಇಲ್ಲ ಎಂದು ನೀನು ಸಿಟ್ಟು ಮಾಡಿಕೊಂಡ ಜಾಗ ಬಂದಾಗ ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಪಾದ ಕಾಣ್ದಿದ್ರೆ ಅದು ಕುಣಿತ ಅಂತ ಹೆಂಗೆ ನಂಬೋದು? ನಿನ್ನ ಗೆಳತಿ ಹೇಳಿದ್ದೇ ಸರಿ" ಎಂದರು. ಮರುದಿನ ಪಕ್ಕದ ಮನೆಯ ಶೇಷಮ್ಮ ಬಂದು "ಆ ಡೆಲ್ಲಿ ಕಾಗ್ದ ನಂಗೂ ಓದು" ಎಂದರು. ನಿನ್ನ ಇಂಗ್ಲಿಷಿನ ಪಕ್ಕದಲ್ಲೇ ನಾನು ಕನ್ನಡ ಬರೆದುಕೊಟ್ಟೆ, ಅಲ್ಲಿಂದ ಅದು ಇನ್ನೊಂದು ಮನೆಗೆ ಹೋಯಿತು. ಆ ಊರಿನಲ್ಲಿ ನೀನೀಗ ಬಹಳ ಬೇಕಾದವಳು.

ಆದರೆ ನಾನು ಅಷ್ಟು ಬೇಕಾದವಳಾಗಿರಲಿಲ್ಲ, ಅದನ್ನೇ ಹೇಳಬೇಕು. ಭೂಮಿ ಹುಣ್ಣಿಮೆ ಎಂದರೆ ಬಸುರಿ ಭೂಮಿತಾಯಿಗೆ ಬಯಕೆಯ ಊಟ ಬಡಿಸುವ ಹಬ್ಬ. ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ, ತೆನೆ ಇನ್ನೂ ಹೊಟ್ಟೆಯೊಳಗೇ. ಬುಟ್ಟಿಗೆ ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಬೆಳಗಿನ ಜಾವ ಮನೆಯ ಯಜಮಾನ ಊಟ ತುಂಬಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಗದ್ದೆಗೆ ಹೋಗುತ್ತಾನೆ. ಹೊಸ ಸೊಸೆ ಬಂದ ವರ್ಷ ಬುಟ್ಟಿ ಅವಳ ಕೈಯದ್ದು. ಅದನ್ನು ನೋಡಿ ಊರಿನ ಹೆಂಗಸರು ಅವಳಿಗೆ ಮನೆಯಲ್ಲಿ ಏನು ಕಲಿಸಿದ್ದಾರೆ ಎಂದು ಹೇಳುತ್ತಾರಂತೆ.

ನನಗೆ ಏನು ಕಲಿಸಿದ್ದಾರೆ, ಶಾಂತ? ಕ್ರೋಶಾ ಹೆಣಿಗೆ, ಪಿಯಾನೋದ ಮೇಲೆ ಒಂದು ಪ್ರಾರ್ಥನೆ, ಇಂಗ್ಲೆಂಡಿನ ನದಿಗಳು. ಚಿತ್ತಾರ ಮಗಳಿಗೆ ತಾಯಿಯಿಂದ ಬರುವ ವಿದ್ಯೆ. ಬರುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಶೇಷಮ್ಮ ಮೊದಲ ದಿನವೇ "ಪಾಪ, ತಾಯಿಲ್ದ ಕೂಸು, ಅದಕ್ಕೆಂತ ಬರ್ತದೆ" ಎಂದಿದ್ದರು. ಆ 'ಪಾಪ' ನನ್ನನ್ನು ಚುಚ್ಚುತ್ತಲೇ ಇತ್ತು. "ಬರ್ತದೆ ಅತ್ತೆ" ಎಂದುಬಿಟ್ಟೆ.

ಪುಂಡಿ ನಾರಿನ ಕುಂಚ ಹಿಡಿದು ಕೂತೆ. ಅಂಚಿಗೆ ಏಣಿಯ ಹಾಗೆ ಗೆರೆ ಎಳೆದೆ, ಅದು ಹೇಗೋ ಬಂತು. ನಡುವೆ ಗೊಂಬೆಸಾಲು ಬರಬೇಕು, ಸಾಲಾಗಿ ನಿಂತ ಹೆಣ್ಣುಗೊಂಬೆಗಳು. ಮೊದಲನೆಯದನ್ನು ಬರೆಯುವಾಗ ನನ್ನ ಕಣ್ಣೆದುರು ಕ್ಲಬ್ಬಿನ ಪರದೆ ಬಂತು. ಕೈ ತಾನಾಗಿಯೇ ಹೋಯಿತು. ಮೊಳಕಾಲಿನವರೆಗಿನ ಲಂಗ, ಚಾಚಿದ ಕೈಗಳು, ಹಿಂದಕ್ಕೆ ಎತ್ತಿದ ಕಾಲು. ಕೆಂಪು ಮಣ್ಣಿನ ಮೇಲೆ ಬೆಳ್ಳಗೆ ಜಾರುತ್ತಿದ್ದಳು. ನನಗೆ ಎಷ್ಟು ಸಂತೋಷವಾಯಿತು ಎಂದರೆ ಉಳಿದ ಗೊಂಬೆಗಳನ್ನು ಬರೆಯುವುದನ್ನೇ ಮರೆತು ಅವಳನ್ನೇ ನೋಡುತ್ತಾ ಕೂತೆ.

ಶೇಷಮ್ಮ ಮಜ್ಜಿಗೆ ಕೇಳಲು ಬಂದವರು ನಿಂತು ನೋಡಿದರು. "ಇದೆಂತದೇ ಗುತ್ಯಮ್ಮ? ನಿನ್ನ ಸೊಸೆ ಬಸುರಿ ಭೂಮ್ತಾಯಿಗೆ ಒದೆಯೋಕೆ ಕಾಲೆತ್ತಿದಾಳಲ್ಲ."

ಗೊಂಬೆಸಾಲಿನಲ್ಲಿ ಎಲ್ಲ ಗೊಂಬೆಗಳೂ ಎರಡೂ ಕಾಲು ಊರಿ ನಿಲ್ಲುತ್ತವೆ ಎಂದು ನನಗೆ ಯಾರು ಹೇಳಬೇಕಿತ್ತು? ಅತ್ತೆ ಬಗ್ಗಿ ನೋಡಿದರು, ಶೇಷಮ್ಮನಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಆ ದಿನವೆಲ್ಲ ಆ ಬಗ್ಗೆ ಒಂದು ಮಾತಿಲ್ಲ. ಸಗಣಿ ಒಣಗಿತ್ತು, ಅಳಿಸಿ ಹೊಸದಾಗಿ ಬಳಿದರೆ ಹಬ್ಬಕ್ಕೆ ಒಣಗುವುದಿಲ್ಲ. ಇನ್ನೊಂದು ಬುಟ್ಟಿಯಿಲ್ಲ. ನಾನು ಇವರ ಹತ್ತಿರ ಹೋಗಿ ಕಣ್ಣೀರಿಟ್ಟೆ. ಇವರು, "ಬುಟ್ಟಿ ನಾನೇ ಹೊರ್ತೀನಿ ಬಿಡು, ಒದ್ರೆ ನಂಗೇ ಒದೀಲಿ" ಎಂದರು. ನಗು ಬರಲಿಲ್ಲ. ನನ್ನಿಂದ ಹಬ್ಬ ಕೆಟ್ಟರೆ ಆ ಮನೆಯಲ್ಲಿ ನಾನು ಎಂದಿಗೂ ಪಾಪದ ಕೂಸೇ ಆಗಿ ಉಳಿಯುತ್ತಿದ್ದೆ.

ಮರುದಿನ ಬೆಳಿಗ್ಗೆ ಹೆಂಗಸರು ಸೊಪ್ಪು ಬಿಡಿಸಲು ನಮ್ಮ ಜಗಲಿಗೆ ಬಂದು ಕೂತರು. ಅತ್ತೆ ಎಲ್ಲರ ನಡುವೆ ಬುಟ್ಟಿ ತಂದಿಟ್ಟರು.

ಶೇಷಮ್ಮ ಶುರು ಮಾಡಿದರು. "ಅದೆಂತ ಸೀರೆ ಮೊಳಕಾಲ ಮೇಲೆ?"

"ಸಸಿ ನಟ್ಟಿಗೆ ಗದ್ದೆಗಿಳಿಯೋಳು ಸೀರೆ ಎತ್ತಿ ಕಟ್ದೆ ನೆರಿಗೆ ಬಿಡ್ತಾಳಾ? ನೀನು ಬಿಡ್ತೀಯಾ?" ಅತ್ತೆ ಕೇಳಿದರು.

"ಮತ್ತೆ ಕಾಲು?"

"ಕೆಸರಿಂದ ಕಾಲು ಕೀಳ್ತಿದಾಳೆ. ಕಾಲು ಕೀಳ್ದೆ ಮುಂದಿನ ಸಸಿ ಹೆಂಗೆ ನೆಡ್ತಾಳೆ? ಹೋದ ಮಳೆಗಾಲ ನೀನು ಕಾಲು ಕಿತ್ತಿದ್ದು ಜೋರಾಗಿ ಅಂಗಾತ ಬಿದ್ದಿದ್ಯಲ್ಲ, ನೆನಪಿಲ್ವಾ?"

ಜಗಲಿಯೆಲ್ಲ ನಕ್ಕಿತು. ಶೇಷಮ್ಮ ತಾವೇ ಎಲ್ಲರಿಗಿಂತ ಹೆಚ್ಚು ನಕ್ಕರು. ಅತ್ತೆ ಕುಂಚ ತೆಗೆದುಕೊಂಡು ನನ್ನ ಹುಡುಗಿಯ ಕಾಲಡಿ ಭತ್ತದ ಸಸಿಗಳನ್ನು ಎಳೆದರು. ಆಮೇಲೆ ಅವಳ ಚಾಚಿದ ಕೈಗೆ ಕೈ ಕೊಟ್ಟ ಇನ್ನೊಂದು ಗೊಂಬೆ ಬರೆದರು, ಅದೂ ಕಾಲೆತ್ತಿದ್ದೇ. "ಒಬ್ಳೇ ಕಾಲೆತ್ತಿದ್ರೆ ಬೀಳ್ತಾಳೆ. ಕೈ ಹಿಡ್ಕೊಂಡ್ರೆ ಬೀಳಲ್ಲ" ಎಂದು ಕುಂಚವನ್ನು ನನ್ನ ಕೈಗಿಟ್ಟರು. "ಉಳಿದದ್ದು ನೀನು ಬರಿ."

ಬುಟ್ಟಿಯ ಸುತ್ತ ಬರೆದೆ. ಸಾಲುಸಾಲು ಹೆಂಗಸರು, ಕೈ ಕೈ ಹಿಡಿದು, ಸಸಿಗಳ ಮೇಲೆ ಜಾರುತ್ತಾ. ಇದು ತುಹಿನಾಪುರ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ನಿನಗೆ ಮಾತ್ರ ಗೊತ್ತು, ನನಗೆ ಗೊತ್ತು. ಮಾವ ಭೂತಪ್ಪನವರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಬಂದು, ಕಾಲು ತೊಳೆದುಕೊಳ್ಳುತ್ತಾ ಅತ್ತೆಗೆ ಹೇಳಿದರಂತೆ: "ಈ ಸಲ ಬುಟ್ಟಿ ತಲೆ ಮೇಲೆ ಕುಣೀತಾ ಬಂತು ಕಣೆ. ಭಾರವೇ ಆಗ್ಲಿಲ್ಲ."

ಶಾಂತ, ಮುಂದಿನ ಕಾಗದ ಬೇಗ ಬರೆಯೇ. ಪಾದ ತೋರಿಸಿದರೆ ಮೊದಲು ಪಾದದ ವಿಷಯ ಬರಿ. ಹೋದ ಸಲ ಬಿಟ್ಟುಹೋದ ಉಡುಪು, ಒಡವೆ ಎಲ್ಲ ಬೇಕು. ಶೇಷಮ್ಮನಿಗೆ ಒಡವೆಯ ವಿವರ ಇಲ್ಲದಿದ್ದರೆ ನಂಬಿಕೆ ಬರುವುದಿಲ್ಲ. ಹೊಸನಗರದಲ್ಲಿ ನಿನ್ನ ಅಮ್ಮನನ್ನು ನೋಡಿದಾಗ ಕುಂಕುಮ ಕೊಟ್ಟು ನಿನ್ನ ಸುದ್ದಿ ಕೇಳಿದರು. ಕಾಗದ ಬರೆಯುವುದಿಲ್ಲ ಎಂದು ನಿನ್ನ ಮೇಲೆ ದೂರು ಹೇಳಿದರು. ನನ್ನನ್ನು ಬೈದಾಗಿದೆಯಲ್ಲ, ಈಗ ಅವರಿಗೆ ಬರಿ.

ದೀಪಾವಳಿಗೆ ಇನ್ನು ಒಂದು ವಾರ. ಅತ್ತೆಯನ್ನು ನಮ್ಮ ಜೊತೆ ಇಲ್ಲಿಗೆ ಕರೆತಂದಿದ್ದೇವೆ. ಗೊಂಬೆ ಎಲ್ಲಿಂದ ಬಂತು ಎಂದು ಈಗ ಅವರಿಗೆ ಹೇಳಿದ್ದೇನೆ. ಶನಿವಾರ ಕ್ಲಬ್ಬಿಗೆ ಬರುತ್ತೇನೆ ಎಂದಿದ್ದಾರೆ, ಆ ಕಾಲೆತ್ತಿದವಳನ್ನು ನೋಡಬೇಕಂತೆ; ಆ ರೀಲ್ ಮತ್ತೆ ಹಾಕಿಸುತ್ತೇನೆ ಎಂದು ಇವರು ಮಾತು ಕೊಟ್ಟಿದ್ದಾರೆ. ನಿನಗೂ ನಿಮ್ಮವರಿಗೂ ಹಬ್ಬದ ಎಣ್ಣೆಸ್ನಾನ ಬಿಸಿಬಿಸಿಯಾಗಿರಲಿ, ಮನೆ ತುಂಬ ಬೆಳಕಿರಲಿ.

ಎಂದೆಂದಿಗೂ ನಿನ್ನ ಪಕ್ಕದ ಮಂಚದವಳು,
ಪುಷ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನನ್ನ ಅಮ್ಮ ಹೂವಮ್ಮನ ತವರು ಈ ಹಿನ್ನೀರಿನಲ್ಲಿ ಮುಳುಗಿತು ಎಂದು ನಿನಗೆ ಗೊತ್ತು. ನೀರು ಬಂದ ವರ್ಷ ಅಪ್ಪ ನನಗೆ ಹೇಳಲಿಲ್ಲ, ಪರೀಕ್ಷೆ ಕೆಡುತ್ತದೆ ಎಂದು. ಆ ಮನೆಯ ಗೋಡೆಯ ಮೇಲೆ ಅಮ್ಮ ತನ್ನ ಮದುವೆಗೆ ತಾನೇ ಬರೆದ ಹಸೆ ಚಿತ್ತಾರ ಇತ್ತು ಎಂಬುದು ನನಗೂ ಗೊತ್ತಿರಲಿಲ್ಲ. ಮೊನ್ನೆ ದೋಣಿಯಲ್ಲಿ ಬರುವಾಗ ಅತ್ತೆ ಹೇಳಿದರು. ಆ ಮದುವೆಮನೆಗೆ ಹೋಗಿದ್ದಾಗ ಅಮ್ಮ ಚಿತ್ತಾರ ಬರೆಯುವುದನ್ನು ಅವರು ಹತ್ತಿರ ಕೂತು ನೋಡಿದ್ದಾರೆ. "ಕಿರುಬೆರಳು ಊರ್ಕೊಂಡು ಬರೀತೀಯಲ್ಲ ನೀನು, ಅವಳೂ ಹಂಗೇ. ಬುಟ್ಟಿ ಬರೆಯೋವಾಗ ನೋಡ್ದೆ. ಹೇಳೋಣ ಅಂತಿದ್ದೆ, ಬಾಯಿ ಬರ್ಲಿಲ್ಲ" ಎಂದರು. ಆ ಹಸೆ ಅವರಿಗೆ ಗೆರೆಗೆರೆ ನೆನಪಿದೆಯಂತೆ. ನಮ್ಮ ಕ್ವಾರ್ಟರ್ಸಿನ ಗೋಡೆಗೆ ಕೆಮ್ಮಣ್ಣು ಹಚ್ಚಿದರೆ ಬರೆದು ತೋರಿಸುತ್ತಾರಂತೆ.

ಆಮೇಲೆ ದೋಣಿಯವನಿಗೆ "ನಿಧಾನ ಹೋಗಪ್ಪ" ಎಂದು, ನನಗೆ "ಇಲ್ಲೇ ಕೆಳಗೆ" ಎಂದರು. ಗಾಳಿ ಇರಲಿಲ್ಲ. ನೀರು ಮಂಜುಗಡ್ಡೆಯ ಹಾಗೆ ಹೊಳೆಯುತ್ತಾ ಮಲಗಿತ್ತು. ನಿನ್ನ ಕಾನೂನು ನೆನಪಾಯಿತು. ನಾನು ಕೂತಲ್ಲೇ ಎರಡೂ ಪಾದಗಳನ್ನು ಹಲಗೆಯಿಂದ ಮೇಲೆತ್ತಿ ಹಿಡಿದುಕೊಂಡೆ, ಅವಳ ಮನೆಯ ಮೇಲೆ ನನ್ನ ಭಾರ ಬೀಳಬಾರದು ಎಂದು.

ಅತ್ತೆ ನೋಡಿದರು. ನನ್ನ ಮೊಳಕಾಲಿನ ಮೇಲೆ ಕೈಯಿಟ್ಟು, "ಕಾಲಿಳಿಸು ಕೂಸೇ. ತವರಿಗೆ ಬಂದೋಳು ಕಾಲೆತ್ಕೊಂಡು ಕೂತ್ಕೋತಾಳಾ?" ಎಂದರು.

ಇಳಿಸಿದೆ.