ಮೂರು ಪಾಯಿಂಟ್ ಮೂರಕ್ಕಿಂತ ದೊಡ್ಡದಾದ ಮೂರು ಪಾಯಿಂಟ್ ಮೂರು

ಅಗ್ನಿಶಾಮಕ ದಳದ ನೇಮಕಾತಿ ಮುಖ್ಯಸ್ಥರಾದ ಮಾನ್ಯರೇ,

3.3 ಎಂಬ ಸಂಖ್ಯೆ 3.3ಕ್ಕಿಂತ ದೊಡ್ಡದು ಎಂದು ತೀರ್ಮಾನಿಸಿ ನಿಮ್ಮ ಕಚೇರಿ ನನ್ನ ತಂಗಿಯ ಮಗಳನ್ನು ಮನೆಗೆ ಕಳುಹಿಸಿದೆ. ಈ ತಿಂಗಳು ಮುಗಿದರೆ ಅವಳ ವಯಸ್ಸು ಮಿತಿ ದಾಟುತ್ತದೆ. ಇನ್ನೊಮ್ಮೆ ಅರ್ಜಿ ಹಾಕುವಂತಿಲ್ಲ.

ಏಣಿ ಹತ್ತಿ ಇಳಿಯಲು ಅವಳಿಗೆ ಹಿಡಿದದ್ದು 1.1 ನಿಮಿಷ, ನೀರಿನ ಪೈಪು ಎಳೆದೊಯ್ಯಲು 2.2. ಎರಡೂ ಸೇರಿ 3.3 ನಿಮಿಷ ಮೀರಬಾರದೆಂಬುದು ನಿಯಮ. ಪರದೆಯ ಮೇಲೆ ಒಟ್ಟು 3.3, ಮಿತಿ 3.3, ಕೆಳಗೆ ಕೆಂಪಕ್ಷರದಲ್ಲಿ ‘ಮಿತಿ ಮೀರಿದೆ’.

“ಸಾರ್, ಎಷ್ಟು ಮೀರಿದೆ ಅಂತಾನಾದ್ರೂ ಹೇಳಿ” ಎಂದಳಂತೆ.

“ಅದನ್ನೆಲ್ಲ ನಾವು ನೋಡಲ್ಲಮ್ಮ. ಕಂಪ್ಯೂಟರ್‌ಗೇನು ನಿನ್ ಮೇಲೆ ದ್ವೇಷಾನಾ?” ಎಂದರಂತೆ ಕೌಂಟರಿನವರು.

ದ್ವೇಷವಿಲ್ಲ, ಮಾನ್ಯರೇ. ಅದಕ್ಕೆ ಹತ್ತರಲ್ಲೊಂದು ಭಾಗ ಬರೆಯಲು ಬರುವುದಿಲ್ಲ, ಅಷ್ಟೆ. ಅದರ ಲಿಪಿಯಲ್ಲಿರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿ. ಭಿನ್ನರಾಶಿ ಬರೆಯಬೇಕೆಂದರೆ ಅರ್ಧ, ಅರ್ಧದ ಅರ್ಧ, ಅದರ ಅರ್ಧ ಎಂದು ಕೂಡಿಸುತ್ತಾ ಹೋಗಬೇಕು. ಒಂದನ್ನು ಮೂರರಿಂದ ಭಾಗಿಸಿದಾಗ ನಮ್ಮ 0.333 ಮುಗಿಯದೆ ಓಡುತ್ತದಲ್ಲ, ಹಾಗೆ ಹತ್ತರಲ್ಲೊಂದು ಅಲ್ಲಿ ಮುಗಿಯುವುದೇ ಇಲ್ಲ. ಒಂದು ಸಂಖ್ಯೆಗೆ ಕೊಟ್ಟಿರುವ ಜಾಗವೋ ಅರವತ್ತನಾಲ್ಕು ಮನೆ. ಅಷ್ಟರಲ್ಲಿ ಹಿಡಿಯದ್ದನ್ನು ಕತ್ತರಿಸಿ, ಹತ್ತಿರದ ಸಂಖ್ಯೆಯೊಂದನ್ನು ಇಟ್ಟು ಸುಮ್ಮನಾಗುತ್ತದೆ. ಹೀಗೆ 1.1 ಕೂದಲೆಳೆಯಷ್ಟು ಹೆಚ್ಚಾಯಿತು, 2.2 ಕೂಡ. ಮಿತಿಯ 3.3 ಮಾತ್ರ ಕೂದಲೆಳೆಯಷ್ಟು ಕಡಿಮೆಯಾಯಿತು. ವ್ಯತ್ಯಾಸವಿರುವುದು ಹದಿನಾರನೆಯ ದಶಮಾಂಶ ಸ್ಥಾನದಲ್ಲಿ. ಅಷ್ಟು ಹೊತ್ತು ತಡವಾದರೆ ಉರಿಯುವ ಮನೆಯಲ್ಲಿ ಏನು ತಾನೇ ಹೆಚ್ಚಿಗೆ ಸುಟ್ಟೀತು?

ಇದನ್ನೆಲ್ಲ ಊಟದ ಮೇಜಿನಲ್ಲಿ ವಿವರಿಸಿ, “ಈ ಪ್ರೋಗ್ರಾಂ ಬರೆದವನ ಕಿವಿ ಹಿಂಡಬೇಕು” ಎಂದು ಗುಡುಗಿದೆ. ನಿಮ್ಮ ಕಚೇರಿಗೆ ಅರ್ಜಿ ಹಾಕಿ ಆ ಪ್ರೋಗ್ರಾಂನ ಪ್ರತಿಯನ್ನೂ ತರಿಸಿದೆ. ಮೊದಲ ಸಾಲಿನಲ್ಲೇ ಬರೆದವನ ಹೆಸರಿತ್ತು. ನನ್ನದು.

ಇಪ್ಪತ್ತೆರಡು ವರ್ಷಗಳ ಹಿಂದೆ ನಿಮ್ಮದೇ ಗಣಕ ವಿಭಾಗದಲ್ಲಿದ್ದಾಗ ಬರೆದದ್ದು. ನಮ್ಮ ಬೀದಿಯ ದೀಪ ಎಂದೆಂದು ಕೆಟ್ಟಿತ್ತೆಂದು ತಾರೀಖು ಸಮೇತ ಹೇಳಬಲ್ಲ ನನಗೆ ಇದೊಂದು ಮರೆತಿತ್ತು. ನೆನಪಿದ್ದರೂ, ಇಷ್ಟು ವರ್ಷಗಳಲ್ಲಿ ಅದನ್ನು ಬದಲಿಸಿರುತ್ತೀರೆಂದೇ ನಂಬುತ್ತಿದ್ದೆ. ನಿಮಿಷ, ಸೆಕೆಂಡು ಎಂದು ಎರಡು ಖಾನೆ ಮಾಡಲು ಸೋಮಾರಿತನವಾಗಿ ನಿಮಿಷವನ್ನು ಹತ್ತು ಪಾಲು ಮಾಡಿದವನು ನಾನು. ‘ಕಂಪ್ಯೂಟರಿನ ತೀರ್ಪೇ ಅಂತಿಮ, ಮೇಲ್ಮನವಿ ಇಲ್ಲ’ ಎಂಬ ಸಾಲು ಸೇರಿಸಿ ಮೇಲಧಿಕಾರಿಗಳಿಂದ ಶಹಬ್ಬಾಸ್‌ಗಿರಿ ಪಡೆದವನೂ ನಾನೇ.

“ಮಾವ, ಕಿವಿ ಹಿಂಡೋ ಕಾರ್ಯಕ್ರಮ ಎಷ್ಟೊತ್ತಿಗೆ?” ಎಂದಳು ಹುಡುಗಿ.

ತಂಗಿ ನಗಲಿಲ್ಲ. “ಅಣ್ಣಾ, ಎರಡು ವರ್ಷ ಮರಳಿನ ಮೂಟೆ ಹೊತ್ಕೊಂಡು ಮಹಡಿ ಹತ್ತಿ ಇಳಿದಿದಾಳೆ ಇವಳು. ಕೆಡಿಸಿದ್ದು ನೀನು, ನೀನೇ ಸರಿ ಮಾಡು.”

ಆದ್ದರಿಂದ ನನ್ನ ಒತ್ತಾಯವಿದು. ಸಮಯವನ್ನು ಪೂರ್ಣ ಸೆಕೆಂಡುಗಳಲ್ಲಿ ಕೂಡಿಸಿ. 66ಕ್ಕೆ 132 ಸೇರಿದರೆ 198, ಮಿತಿಯೂ 198. ಅಲ್ಲಿ ಯಂತ್ರ ತಡವರಿಸುವುದಿಲ್ಲ. ತಿಂಗಳು ಮುಗಿಯುವ ಮೊದಲು ಅವಳನ್ನು ತೇರ್ಗಡೆ ಮಾಡಿ. ಆಮೇಲೆ ಇಪ್ಪತ್ತೆರಡು ವರ್ಷಗಳ ದಾಖಲೆ ತೆರೆದು, ಸರಿಯಾಗಿ ಮಿತಿಯಲ್ಲೇ ನಿಂತಿದ್ದರೂ ಹೊರಬಿದ್ದವರಿಗೆಲ್ಲ ತಪ್ಪೊಪ್ಪಿಗೆಯ ಪತ್ರ ಕಳುಹಿಸಿ. ಅವರ ವಯಸ್ಸನ್ನು ಹಿಂದಿರುಗಿಸಲು ನಿಮ್ಮಿಂದಾಗದು, ನನ್ನಿಂದಲೂ ಆಗದು. ಆ ಪತ್ರಗಳಿಗೆ ಯಾರು ಸಹಿ ಹಾಕಬೇಕೆಂದು ಸಮಿತಿ ರಚಿಸಬೇಡಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪೆನ್ನು ಹಿಡಿದು ನಿಮ್ಮ ಬಾಗಿಲಲ್ಲಿರುತ್ತೇನೆ.

ಇಂತಿ,
ಫಿರ್ಯಾದಿಯೂ ಆರೋಪಿಯೂ ಆಗಿರುವ,
ನಿಮ್ಮ ನಿವೃತ್ತ ಪ್ರೋಗ್ರಾಮರ್