ಎರಡನೇ ಮಹಡಿಯಿಂದ ಒಂಬತ್ತನೇ ಮಹಡಿಗೆ

ಹಡಗಿನ ಎರಡನೇ ಮಹಡಿ, ಕಿಟಕಿಯಿಲ್ಲದ ಕೋಣೆ.
ಪ್ರಯಾಣದ ಮೂರನೇ ದಿನ, ಮಧ್ಯಾಹ್ನ ಮೂರು ಗಂಟೆ. (ಇದು ಗಡಿಯಾರದ ಹೇಳಿಕೆ. ಬೆಳಕು ನೋಡಿ ಖಾತ್ರಿ ಮಾಡಿಕೊಳ್ಳುವ ಸೌಲಭ್ಯ ಈ ಕೋಣೆಗಿಲ್ಲ. ತಾರೀಖಿನ ಗೊಡವೆ ನನಗೆ ಬೇಡ.)

ಒಂಬತ್ತನೇ ಮಹಡಿಯಲ್ಲಿ ಬಾಲ್ಕನಿ ಸಮೇತ ವಿರಾಜಮಾನಳಾಗಿರುವ ನನ್ನ ಮನೆಯವಳಿಗೆ,

ಮೊದಲು ತಪ್ಪೊಪ್ಪಿಗೆ. ನಾನು ಕಳ್ಳ. ಮೂವತ್ತನಾಲ್ಕು ವರ್ಷ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು, ಕಚೇರಿಯ ಒಂದು ಗುಂಡುಸೂಜಿಯನ್ನೂ ಮನೆಗೆ ತಾರದ ನಾನು, ಇಂದು ಬೆಳಿಗ್ಗೆ ಹತ್ತೂವರೆಗೆ, ಪೂರ್ಣ ಪ್ರಜ್ಞೆಯಲ್ಲಿ, ಈ ಹಡಗಿನ ವಿಚಾರಣೆ ಕೌಂಟರಿನಿಂದ ಒಂದು ಪೆನ್ನು ಕದ್ದಿದ್ದೇನೆ. ಯಾರೂ ಕದಿಯಬಾರದೆಂದು ಅದನ್ನು ದಾರದಲ್ಲಿ ಕಟ್ಟಿದ್ದರು. ದಾರವನ್ನೂ ಕದ್ದಿದ್ದೇನೆ. ಅದು ಈಗಲೂ ಪೆನ್ನಿನ ಬಾಲದಲ್ಲಿ ನೇತಾಡುತ್ತ, ಬರೆದ ಪ್ರತಿ ಸಾಲನ್ನೂ ಒರೆಸುತ್ತ ಬರುತ್ತಿದೆ. ಅಕ್ಷರ ಮಸುಕಾಗಿದ್ದರೆ ಅದು ಕಣ್ಣೀರೆಂದು ಕರಗಬೇಡ. ದಾರ.

ಒಂದೇ ಹಡಗಿನಲ್ಲಿದ್ದುಕೊಂಡು ಪತ್ರ ಯಾಕೆ ಎನ್ನುತ್ತೀಯೇನೋ. ಕೋಣೆಯ ಫೋನಿನಲ್ಲಿ ಕರೆದರೆ ನೀನು ನನ್ನ ಒಂದು ‘ಹಲೋ’ ಕೇಳಿ ಇಟ್ಟುಬಿಡುತ್ತೀ. ಮೊಬೈಲಿಗೆ ಸಿಗ್ನಲ್ ಇಲ್ಲ. ಇಂಟರ್‌ನೆಟ್ಟಿಗೆ ಬೇರೆ ಪ್ಯಾಕೇಜು, ಅದನ್ನು ಬುಕ್ ಮಾಡಲು ಇಂಟರ್‌ನೆಟ್ ಬೇಕು. ಮೂರು ದಿನದಿಂದ ಮಗಳ ಫೋನೂ ಇಲ್ಲ. ಬಾಗಿಲಿಗೆ ಬರೋಣವೆಂದರೆ ನೀನು ಹಾಕಿರುವ ಷರತ್ತು ಅಡ್ಡ. ಮೊದಲ ದಿನ ಮೆಟ್ಟಿಲ ಬಳಿ ನಿಂತು ನೀನು ಹೇಳಿದ್ದು ಅಕ್ಷರಶಃ ನೆನಪಿದೆ: “ರೀ, ಒಂದೇ ಮನೇಲಿ ಮೂವತ್ತೊಂದು ವರ್ಷ ಇದ್ದೋರಿಗೆ ಎರಡು ಬುಕಿಂಗ್ ಯಾಕೆ? ಆಫರ್ ಕಥೆ ಬೇಡ. ನಿಜ ಹೇಳ್ಬೇಕು ಅನ್ನಿಸಿದ ದಿನ ಬಂದು ಬಾಗಿಲು ತಟ್ಟಿ. ಅಲ್ಲೀವರೆಗೆ ನೀವು ಕೆಳಗೆ, ನಾನು ಮೇಲೆ.”

ಜೀವಮಾನವಿಡೀ ವಿಚಾರಣೆಯ ಕಿಟಕಿಯಲ್ಲಿ ಕೂತವನನ್ನೇ ನೀನು ವಿಚಾರಣೆಗೆ ಗುರಿಪಡಿಸಿದ್ದೀ. ಇರಲಿ. ಹೇಳಿಕೆ ದಾಖಲಿಸುತ್ತಿದ್ದೇನೆ.

ಆಫರ್ ಕಥೆ ಬೇಡ ಎಂದಿದ್ದೀ, ಆದರೂ ಕೇಳು, ಏಕೆಂದರೆ ಅದು ಸುಳ್ಳಲ್ಲ. ನಿಯಮಾವಳಿಯ ನಲವತ್ತೊಂದು ಪುಟವನ್ನೂ ಓದಿದವನು ಈ ಹಡಗಿನಲ್ಲಿ ನಾನೊಬ್ಬನೇ ಇರಬೇಕು. ಹದಿನೇಳನೇ ಪುಟದಲ್ಲಿ ಸ್ಪಷ್ಟವಾಗಿದೆ: ಮೊದಲ ಸಲ ಬರುವವರಿಗೆ, ಒಂದು ಬುಕಿಂಗಿಗೆ ಒಂದು ಸಂಜೆ, ಕಿಟಕಿ ಪಕ್ಕದ ಮೇಜಿನಲ್ಲಿ ವಿಶೇಷ ಊಟ. ಎರಡು ಬುಕಿಂಗ್ ಆದರೆ ಎರಡು ಸಂಜೆ. ಇಷ್ಟು ವರ್ಷ ಕಡಲು ನೋಡಬೇಕು, ಕಡಲು ನೋಡಬೇಕು ಎಂದವಳಿಗೆ ಎರಡು ಸಲ ಕಡಲೆದುರು ಊಟ ಹಾಕಿಸೋಣ ಎಂದುಕೊಂಡೆ. ಒಬ್ಬರ ಬುಕಿಂಗಿಗೆ ಒಂದೇ ಕುರ್ಚಿಯ ಮೇಜು ಎಂದು ಮೂವತ್ತಾರನೇ ಪುಟದಲ್ಲಿತ್ತು. ನಿನ್ನ ಕುರ್ಚಿ ಇವತ್ತು ಸಂಜೆ, ನನ್ನದು ಐದನೇ ದಿನ. ಇದನ್ನೇ ಇವರು ಸವಲತ್ತು ಅನ್ನುವುದು. ನನಗದು ಸವಾಲಿನ ಹಾಗೆ ಕೇಳಿಸುತ್ತದೆ.

ಹಡಗು ಹತ್ತಿದ ದಿನದ್ದೂ ಹೇಳಿಬಿಡುತ್ತೇನೆ, ನೀನು ಆಗಲೇ ಒಳಗಿದ್ದೆ. ನಿನಗೆ ಹನ್ನೊಂದಕ್ಕೆ ಸರದಿ, ನನಗೆ ಮೂರಕ್ಕೆ. “ನಾನು ಅವಳ ಜೊತೆಯವನು” ಎಂದರೆ ಗೇಟಿನ ಹುಡುಗಿ ಪರದೆ ನೋಡಿ, “ಇಲ್ಲಿ ಹಾಗೇನೂ ಕಾಣಿಸ್ತಿಲ್ಲ ಸರ್” ಎಂದಳು. ಮೂವತ್ತೊಂದು ವರ್ಷದ ಸಂಸಾರ ಅವಳ ಪರದೆಯಲ್ಲಿ ಕಾಣಿಸಲಿಲ್ಲ. ಆ ತಗಡಿನ ಶೆಡ್ಡಿನಲ್ಲಿ ನಾಲ್ಕು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ ತಿಳಿಯಿತು, ಬೋರ್ಡಿಂಗ್ ಎಂಬ ಪದ ‘ಬೋರ್’ನಿಂದಲೇ ಯಾಕೆ ಶುರುವಾಗುತ್ತದೆ ಎಂದು.

ಸೂಟ್‌ಕೇಸಿನ ವಿಷಯದಲ್ಲಿ ತಪ್ಪು ನನ್ನದೇ. ಸಾಮಾನಿಗೆ ಕಟ್ಟುವ ಚೀಟಿಯನ್ನು ನನ್ನ ಬುಕಿಂಗಿನಿಂದ ಮಾತ್ರ ಪ್ರಿಂಟ್ ತೆಗೆದು ಎರಡಕ್ಕೂ ಕಟ್ಟಿದೆ. ಅಭ್ಯಾಸ ಬಲ. ಅದರಿಂದಾಗಿ ನಿನ್ನ ಬಟ್ಟೆ, ಚಪ್ಪಲಿ, ಮಾತ್ರೆ ಡಬ್ಬಿ ಎಲ್ಲ ನನ್ನ ಕೋಣೆಗೆ ಬಂದು ಬಿದ್ದವು. ಮೊದಲ ಸಂಜೆ ನೀನು ಪ್ರಯಾಣದ ಬಟ್ಟೆಯಲ್ಲೇ ಊಟಕ್ಕೆ ಹೋದೆಯಂತೆ, ಸೂಟ್‌ಕೇಸ್ ಹುಡುಕಿಕೊಂಡು ಬಂದ ನಿನ್ನ ಕೋಣೆ ನೋಡಿಕೊಳ್ಳುವಾತ ಹೇಳಿದ. ಅವನ ಕೈಯಲ್ಲೇ ಸೂಟ್‌ಕೇಸ್ ಕಳಿಸಿದೆ. ಮಾತ್ರೆ ಡಬ್ಬಿ ತೆರೆದು ನೋಡಿದೆ. ನೀನು ದಿನಕ್ಕೆ ಮೂರು ಬಗೆ ಮಾತ್ರೆ ನುಂಗುತ್ತೀ ಎಂದು ನನಗೆ ಗೊತ್ತಿರಲಿಲ್ಲ. ಇರಲಿ, ಆ ಮಾತು ಈಗ ಬೇಡ.

ನಿನಗೆ ಸಿಕ್ಕ ಬಡ್ತಿಗೆ ಅಭಿನಂದನೆ. ನಿನ್ನ ಫಾರ್ಮನ್ನು ನೀನೇ ತುಂಬಿದೆ, ಖಾಲಿ ಉಳಿದಿದ್ದ ಬಾಲ್ಕನಿ ಕೋಣೆ ಪುಕ್ಕಟೆಯಾಗಿ ನಿನಗೆ ಬಂತು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನನಗೆ ಎರಡು ಬಡ್ತಿ, ನಿನಗೆ ಒಂದೇ ಫಾರ್ಮಿಗೆ ಏಳು ಮಹಡಿ. ನಿನ್ನೆ ಮೇಲಿನ ಲೌಂಜಿನ ಗಾಜಿನಾಚೆ ನೀನು ಕಾಫಿ ಹಿಡಿದು ಕೂತಿದ್ದು ಕಂಡಿತು. ಬಾಗಿಲು ಕಾಯುವಾತ ನನ್ನ ಕಾರ್ಡು ನೋಡಿ, “ಸರ್, ಈ ಕಾರ್ಡಿಗೆ ಇಲ್ಲಿ ಪ್ರವೇಶವಿಲ್ಲ” ಎಂದ. “ಒಳಗಿರೋದು ನನ್ನ ಹೆಂಡ್ತಿ ಕಣಪ್ಪ” ಎಂದೆ. “ಕಾಫಿ ಪುಕ್ಕಟೆ ಅಂತ ಗೊತ್ತಾದ ಮೇಲೆ ಎಲ್ಲರೂ ಹಾಗೇ ಹೇಳ್ತಾರೆ ಸರ್” ಎಂದ. ನಾನು ತಿರುಗಿ ಬಂದೆ. ನೀನು ನಗುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಏನೋ ಹೇಳಿರಬೇಕು. ನೀನು ಹಾಗೆ ನಗುವುದನ್ನು ನೋಡಿ ಬಹಳ ದಿನವಾಗಿತ್ತು, ಆದ್ದರಿಂದ ಒಂದು ನಿಮಿಷ ಅಲ್ಲೇ ಹೂಕುಂಡದ ಹಿಂದೆ ನಿಂತೆ. ಬಾಗಿಲಿನಾತ ಬಂದು ಹೂಕುಂಡವನ್ನೂ ಬಿಡಿಸಿ ಕಳಿಸಿದ.

ಈಗ ಪೆನ್ನಿನ ಕಥೆ. ಬೆಳಿಗ್ಗೆ ನಾನು ವಿಚಾರಣೆ ಕೌಂಟರಿನ ಸಾಲಿನಲ್ಲಿ ನಿಂತೆ. ಹೌದು, ನಾನು. ಬೋರ್ಡು ಓದದೆ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ ಎಂದು ನಿನಗೆ ಗೊತ್ತು. ನನ್ನ ಮುಂದೆ ಹದಿನಾಲ್ಕು ಜನ, ಹೆಚ್ಚಿನವರದು ಬೋರ್ಡಿನಲ್ಲೇ ಉತ್ತರವಿರುವ ಪ್ರಶ್ನೆ. “ಮುಂದಿನ ಬಂದರಲ್ಲಿ ಎಷ್ಟು ಹೊತ್ತಿಗೆ ಇಳಿಸ್ತೀರಿ?” “ಜ್ಯೂಸ್ ಪ್ಯಾಕೇಜಲ್ಲಿ ನೀರು ಬರುತ್ತಾ?” “ನಮ್ಮ ಅತ್ತೆ ಕೋಣೆ ನಮ್ಮ ಪಕ್ಕಕ್ಕೇ ಯಾಕೆ ಕೊಟ್ರಿ? ದೂರ ಕೊಡಿ ಅಂತ ಬರೆದಿದ್ವಲ್ಲ?” ಕೌಂಟರಿನ ಹುಡುಗಿ ಒಬ್ಬಳೇ, ಪಾಪ, ನಗು ಮುಖಕ್ಕೆ ಅಂಟಿಸಿಕೊಂಡು ತಡಕಾಡುತ್ತಿದ್ದಳು. ನನ್ನ ಕೈ ಸುಮ್ಮನಿರಲಿಲ್ಲ, ಬಾಯಿಯಂತೂ ಮೊದಲೇ ಇಲ್ಲ. ನನ್ನ ಮುಂದಿನವನಿಗೆ ನಾನೇ ಹೇಳಿದೆ: ಎಂಟೂಕಾಲಿಗೆ, ಎಡಗಡೆ ಬಾಗಿಲು, ಕಾರ್ಡು ಕೈಯಲ್ಲಿರಲಿ. ಅವನ ಮುಂದಿನವಳು ತಿರುಗಿದಳು. ಹತ್ತು ನಿಮಿಷದಲ್ಲಿ ಸಾಲೇ ತಿರುಗಿ ನನ್ನೆದುರು ನಿಂತಿತು. ಕೌಂಟರಿಗೆ ಒರಗಿ ನಿಂತು, ಅಲ್ಲಿನ ಪೆನ್ನಿನಲ್ಲಿ ಚೀಟಿ ಬರೆದುಕೊಡುತ್ತ, ಅತ್ತೆಯ ಪ್ರಶ್ನೆ ಒಂದನ್ನು ಬಿಟ್ಟು ಎಲ್ಲವನ್ನೂ ಬಗೆಹರಿಸಿದೆ. ನಿವೃತ್ತನಾದ ಮೇಲೆ ಇಷ್ಟು ಸುಖವಾಗಿ ಒಂದು ಬೆಳಗು ಕಳೆದದ್ದು ಇದೇ ಮೊದಲು.

ಎಲ್ಲ ಖಾಲಿಯಾದ ಮೇಲೆ ಆ ಹುಡುಗಿ, “ಅಂಕಲ್, ಊರೋರ ಪ್ರಶ್ನೆಗೆಲ್ಲ ಉತ್ತರ ಹೇಳಿದ್ರಿ. ನಿಮ್ಮದೇನು ಅಂತ ಹೇಳ್ಲೇ ಇಲ್ಲ” ಎಂದಳು.

ನನಗೆ ಅವಳ ಬಾಯಲ್ಲಿ ನಿನ್ನ ಧ್ವನಿ ಕೇಳಿಸಿತು. ‘ಊರಿಗೆಲ್ಲ ಉತ್ತರ ಹೇಳಿ, ಮನೆಗೆ ಬಂದ ತಕ್ಷಣ ಕಿಟಕಿ ಮುಚ್ಚಿಬಿಡ್ತೀರಿ’ ಎಂದು ನೀನು ಅನ್ನುತ್ತಿದ್ದೆಯಲ್ಲ, ಅದೇ ಧ್ವನಿ. ಎರಡು ಬುಕಿಂಗನ್ನು ಒಂದು ಮಾಡಲು ಆಗುತ್ತದೆಯೇ ಎಂದು ಕೇಳಲು ಹೋಗಿದ್ದೆ. ಆದರೆ “ಏನಿಲ್ಲಮ್ಮ, ಸುಮ್ನೆ ನಿಂತಿದ್ದೆ” ಎಂದು ಹೊರಟುಬಿಟ್ಟೆ. ಪೆನ್ನು ಕೈಯಲ್ಲೇ ಇತ್ತು. ದಾರ ಕಿತ್ತದ್ದು ಲಿಫ್ಟಿನಲ್ಲಿ ಗೊತ್ತಾಯಿತು. ಪೂರ್ಣ ಪ್ರಜ್ಞೆ ಎಂದು ಮೇಲೆ ಬರೆದದ್ದನ್ನು ಅಷ್ಟರ ಮಟ್ಟಿಗೆ ತಿದ್ದಿಕೋ.

ನಾನು ಮನೆಯ ಕಡೆ ಗಮನವಿಲ್ಲದವನು ಎನ್ನುವುದು ನಿನ್ನ ಮುಖ್ಯ ಆರೋಪ. ಇದಕ್ಕೆ ಮಾತ್ರ ನಾನು ತಲೆಬಾಗುವುದಿಲ್ಲ. ಇನ್ನೂರ ಹದಿನಾಲ್ಕು ಬಸ್ಸುಗಳ ವೇಳೆ ನನಗೆ ಇವತ್ತಿಗೂ ಬಾಯಿಪಾಠ. ಅಂಥ ತಲೆ ಮನೆಯ ವಿಷಯದಲ್ಲಿ ಮಂಕಾಗಿರುತ್ತದೆಯೇ? ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ನಿನ್ನ ಹುಟ್ಟುಹಬ್ಬ ಮರೆತಿದ್ದೇನೆಯೇ? ನೀನು ಹಲ್ಲುಜ್ಜುವ ಮೊದಲೇ ಶುಭಾಶಯ ಹೇಳಿಲ್ಲವೇ? ಪಕ್ಕದ ಮನೆ ಮೇಷ್ಟರ ಹೆಂಡತಿ ತನ್ನ ಗಂಡನಿಗೆ, “ಅವರನ್ನ ನೋಡಿ ಕಲೀರಿ” ಎಂದದ್ದನ್ನು ನೀನೇ ಬಂದು ಹೇಳಿದ್ದೆ. ಮೇಷ್ಟರು ಮೂರು ತಿಂಗಳು ನನ್ನನ್ನು ಮಾತಾಡಿಸಿರಲಿಲ್ಲ. ಅಂಥ ಗಂಡನನ್ನು ಎರಡನೇ ಮಹಡಿಯಲ್ಲಿ, ಇಂಜಿನ್ನಿನ ಗೊರಕೆಯ ಪಕ್ಕ ಮಲಗಿಸಿದ್ದೀ. ನನ್ನ ಗೊರಕೆಗೆ ಶಿಕ್ಷೆ ಎಂದಾದರೆ ಒಪ್ಪುತ್ತೇನೆ, ಗಮನವಿಲ್ಲ ಎಂಬುದಕ್ಕಾದರೆ ಇಲ್ಲ.

ಇದು ನನ್ನ ಹೇಳಿಕೆ. ಈ ಪತ್ರವನ್ನು ನಾನೇ ಬಂದು ಬಾಗಿಲಡಿ ತೂರಿಸಿ, ತಟ್ಟದೆ ಹೋಗುತ್ತೇನೆ. ಷರತ್ತು ಮುರಿದ ಎನ್ನಬೇಡ.

ಇಂತಿ,
ಕಿಟಕಿ ಕಳೆದುಕೊಂಡ ಕಿಟಕಿಯ ಮನುಷ್ಯ,
ನಿನ್ನವನೇ

ಮರೆತ ಮಾತು: ಇದನ್ನು ನಿನ್ನ ಬಾಗಿಲ ಮುಂದೆ ನಿಂತು, ಗೋಡೆಗೆ ಕಾಗದ ಒತ್ತಿ ಬರೆಯುತ್ತಿದ್ದೇನೆ. ಬಾಗಿಲಿಗೆ ಕೆಂಪು ರಿಬ್ಬನ್ನು, ಎರಡು ಬಲೂನು. ‘ಹುಟ್ಟುಹಬ್ಬದ ಶುಭಾಶಯಗಳು, ನಿಮ್ಮ ಹಡಗಿನ ಬಳಗದಿಂದ’ ಎಂದು ಚೀಟಿ ಅಂಟಿಸಿದ್ದಾರೆ. ನಿನ್ನ ಫಾರ್ಮಿನಲ್ಲಿ ನೋಡಿ ತಾವೇ ಕಟ್ಟಿದೆವೆಂದು ಕೋಣೆ ನೋಡಿಕೊಳ್ಳುವಾತ ಹೇಳಿದ. ಬೆಳಿಗ್ಗೆ ಏಳಕ್ಕೇ ಕಟ್ಟಿದ್ದಂತೆ.

ನಿನ್ನ ಹುಟ್ಟುಹಬ್ಬ ನನಗೆ ಯಾವತ್ತೂ ನೆನಪಿರಲಿಲ್ಲ. ಮೊದಮೊದಲು ನಿನ್ನ ಅಕ್ಕ ಆಫೀಸಿಗೆ ಫೋನ್ ಮಾಡುತ್ತಿದ್ದರು, ಆಮೇಲೆ ಮಗಳು, ಹಿಂದಿನ ದಿನವೇ. ಈ ಸಲ ಸಿಗ್ನಲ್ ಇಲ್ಲ.

ಬುಕಿಂಗ್ ಫಾರ್ಮಿನಲ್ಲಿ ಜೊತೆಗಿರುವವರ ಹುಟ್ಟಿದ ತಾರೀಖು ಕೇಳಿದ್ದರು. ಅದರ ಕೆಳಗೆ ತೆಗೆದುಕೊಳ್ಳುವ ಔಷಧಿ, ಒಗ್ಗದ ಊಟ, ಎತ್ತರ ಕಂಡರೆ ಭಯವಿದೆಯೇ ಎಂದೆಲ್ಲ. ಒಂದು ಸಂಜೆ ಪೂರ್ತಿ ಆ ಪುಟದ ಮುಂದೆ ಕೂತಿದ್ದೆ. ನೀನು ಅಡುಗೆಮನೆಯಲ್ಲೇ ಇದ್ದೆ, ಕೇಳಬಹುದಿತ್ತು. ಕೇಳಿದರೆ ಗೊತ್ತಿಲ್ಲ ಅಂತ ಗೊತ್ತಾಗುತ್ತಿತ್ತು. ಆ ಪುಟ ಮುಚ್ಚಿ, ‘ಒಬ್ಬರೇ ಪ್ರಯಾಣಿಸುತ್ತಿದ್ದೇನೆ’ ಎಂಬಲ್ಲಿ ಗುರುತು ಹಾಕಿದೆ. ನಿನ್ನದನ್ನು ನೀನೇ ತುಂಬು ಎಂದೆ. ಹದಿನೇಳನೇ ಪುಟ ನನಗೆ ಆಮೇಲೆ ಸಿಕ್ಕಿದ್ದು.

ಬಾಗಿಲು ತಟ್ಟುತ್ತಿದ್ದೇನೆ. ಮೊದಲು ಇದನ್ನು ಓದು. ಒಳಗೆ ಬಂದ ಮೇಲೆ ಕೇಳುವುದಿದೆ. ಆ ಮೂರು ಮಾತ್ರೆ ಯಾವುದಕ್ಕೆ ಅಂತ ನನಗೆ ಇನ್ನೂ ಗೊತ್ತಿಲ್ಲ.