ಉಪ್ಪು ಹೆಚ್ಚಾದ ಮನ್ನಾ

ಹುಮನಾಬಾದ ತಾಲೂಕಿನ ಸಕಲ ಉಪ್ಪಿನಕಾಯಿ ಭರಣಿಗಳ ಚಕ್ರವರ್ತಿನಿಯೂ, ಹುಡಗಿ ಗ್ರಾಮದ ಆಡುಗಳ ನಿವೃತ್ತ ಸೇನಾಧಿಪತಿಯೂ, ನನ್ನ ಎಡಗಿವಿಯನ್ನು ಬಲಗಿವಿಗಿಂತ ಉದ್ದ ಮಾಡಿದ ಕೀರ್ತಿವಂತೆಯೂ, ಸದ್ಯ ವಾಗ್ದತ್ತ ದೇಶದ ಕಾಯಂ ನಿವಾಸಿಯೂ ಆದ ನನ್ನ ಆಯಿಯವರ ಸನ್ನಿಧಾನಕ್ಕೆ, ತಮ್ಮ ಏಕೈಕ ಮೊಮ್ಮಗನು ನಡು ಬಗ್ಗಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ—

ಆಯಿ, ನಮ್ಮ ಅಡುಗೆಮನೆಯಲ್ಲಿ ಒಂದು ಯುದ್ಧ ನಡೆದು ಮುಗಿದಿದೆ. ಕೇಳು.

ನೀನು ತೊಗರಿ ಕೇರುತ್ತ, ಐಗುಪ್ತದ ಗುಲಾಮಗಿರಿ ಬಿಟ್ಟು ವಾಗ್ದತ್ತ ದೇಶಕ್ಕೆ ಹೊರಟ ಇಸ್ರಾಯೇಲ್ಯರ ಕತೆ ಹೇಳಿದ ಮಧ್ಯಾಹ್ನ ನೆನಪಿದೆಯಾ? “ಊರು ಹತ್ತಿರಾನೇ ಇತ್ತಂದ್ರ ನಲವತ್ತ ವರ್ಷ ಯಾಕ ತಿರಗ್ಯಾರ?” ಎಂದು ಕೇಳಿದ್ದೆ. “ಕಲ್ಯಾಣಕ್ಕ ಹೋಗೋರು ಚಿಟಗುಪ್ಪಾ ಬಸ್ಸು ಹತ್ತಿ, ಡ್ರೈವರನ ಮ್ಯಾಲ ಸಿಟ್ಟ ಮಾಡ್ದಂಗ ಆತು ನೋಡು” ಎಂದೆ ನೀನು. “ಐಗುಪ್ತದಾಗ ಉಳ್ಳಾಗಡ್ಡಿ ಇತ್ತು, ಬಳ್ಳೊಳ್ಳಿ ಇತ್ತು ಅಂತ ಅತ್ತಾರ. ಬೆನ್ನಿಗಿ ಬಿದ್ದ ಏಟು ಮರ್ತದ, ಬಾಯಿರುಚಿ ನೆನಪದ!”

ಅವರ ಹಸಿವಿಗೆ ಆಕಾಶದಿಂದ ಮನ್ನಾ ಬಿತ್ತು ಎಂದಾಗ ನಾನು ಅತ್ಯಂತ ಗಂಭೀರವಾಗಿ ಕೈಯೆತ್ತಿ, “ಯಾವ ಬ್ಯಾಂಕಿನ ಸಾಲ, ಆಯಿ?” ಎಂದಿದ್ದೆ. ಟಿವಿಯಲ್ಲಿ ನಾನು ಕೇಳಿದ್ದ ಮನ್ನಾ ಅದೊಂದೇ. ಕಿವಿ ಹಿಂಡಲು ಬಂದ ನಿನ್ನ ಕೈ ನಡುದಾರಿಯಲ್ಲೇ ನಿಂತಿತು. “ಅದೂ ಖರೇನೇ, ಮಂಗ್ಯಾ. ಅವರು ಗೊಣಗಿದ್ದೆಲ್ಲ ಮನ್ನಾ ಮಾಡಿ, ಮ್ಯಾಲ ತಿನ್ಲಾಕೂ ಕೊಟ್ಟಾನ ದೇವ್ರು.” ಆಮೇಲೆ ಮರೆಯದೆ ಹಿಂಡಿದೆ.

ನೀನು ಕಡೆಯ ಭರಣಿ ಹಾಕಿದ ದಿನ ಅವ್ವ ಪಕ್ಕದಲ್ಲೇ ನಿಂತು, “ಉಪ್ಪು ಹಾಕ್ತೀರೋ, ಸಮುದ್ರಾನೇ ಸುರೀತೀರೋ ಅತ್ತಿ? ಇದನ್ನ ಯಾರ ತಿನ್ನಬೇಕು?” ಎಂದು ಗೊಣಗಿದ್ದಳಲ್ಲ. “ತಿನ್ನೋರು ತಿಂತಾರ ಬಿಡವ್ವ” ಎಂದು ನೀನು ಭರಣಿಯ ಬಾಯಿಗೆ ಬಟ್ಟೆ ಕಟ್ಟಿದೆ. ಆ ಬಟ್ಟೆ ಬಿಚ್ಚುವ ಮೊದಲೇ ನೀನು... ಹೋಗಲಿ. ಅಂದಿನಿಂದ ಅವ್ವ ಆ ಭರಣಿಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ದಿನಾ ಒರೆಸಿ ಇಡುವುದೇ ಕೆಲಸ. ಒಮ್ಮೆ ಒರೆಸುತ್ತಲೇ, “ಅತ್ತಿಗಿ ನಾ ಕಡೀಗಿ ಆಡಿದ ಮಾತು ಅದೇ ಆತಲ್ಲೋ” ಎಂದಳು. ನನಗೆ ತಮಾಷೆ ಹೊಳೆಯದ ದಿನ ಅದೊಂದೇ ಇರಬೇಕು.

ಭಾನುವಾರದ ಶಾಲೆಯಲ್ಲಿ ನಿನ್ನ ಜಾಗಕ್ಕೆ ನನ್ನನ್ನು ಕೂರಿಸಿದ್ದಾರೆ ಎಂಬುದು ನಿನಗೆ ಗೊತ್ತೇ? ನಗಬೇಡ. ಆ ಅಧಿಕಾರದಿಂದಲೇ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಪ್ರಸಂಗ ಮಾಡಿದೆ: “ಎಲೈ ಮಾತೆಯೇ, ಮನ್ನಾವನ್ನು ನಾಳೆಗೆಂದು ಮುಚ್ಚಿಟ್ಟವರ ಪಾತ್ರೆಯಲ್ಲಿ ಹುಳ ಬಿದ್ದವು! ಆಯಾ ದಿನದ್ದನ್ನು ಆಯಾ ದಿನವೇ ತಿನ್ನತಕ್ಕದ್ದು!” ಅವ್ವ ತಿರುಗಿಯೂ ನೋಡಲಿಲ್ಲ. “ಮುಂದಿನವರಿಗಿ ತೋರಿಸ್ಲಾಕ ಒಂದ ಪಾತ್ರಿ ತುಂಬಿ ಇಡ್ರಿ ಅಂತ ಅದೇ ದೇವ್ರು ಹೇಳ್ಯಾನ. ಅದನ್ಯಾಕ ಬಿಟ್ಟಿ, ಮಾಸ್ತರ?” ಇಂಥವಳ ಎದುರು, ಇಸ್ರಾಯೇಲ್ಯರನ್ನು ನಡೆಸಿದ ಮೋಶೆಯಾದರೂ ಏನು ಮಾಡಿಯಾನು?

ಕಳೆದ ವಾರ ಬಸವಕಲ್ಯಾಣದ ಬಸ್ಸಿನಿಂದ ನಿನ್ನ ತಂಗಿ ಸಣ್ಣಾಯಿ ಇಳಿದಳು. ಊಟಕ್ಕೆ ಕೂತವಳೇ, “ಅಕ್ಕನ ಉಪ್ಪಿನಕಾಯಿ ತಾರವ್ವ” ಎಂದಳು.

“ಅದು ನೆನಪಿಗಿ ಇಟ್ಟೀನ್ರಿ.”

“ನೆನಪು ನನ್ನ ತಲ್ಯಾಗದ. ರೊಟ್ಟಿಗಿ ಏನದ?”

ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಉಪ್ಪಿನ ಮಾತನ್ನೆಲ್ಲ ಹೇಳಿದಳು. ಸಣ್ಣಾಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಲೇ ಇಲ್ಲ. “ಅಕ್ಕ ಆವತ್ತೇ ಫೋನ್ ಮಾಡಿದ್ಳು. ‘ನನ್ನ ಸೊಸಿ ಗೊಣಗ್ಯಾಳ ಅಂದ್ರ ಭರಣಿ ಲಗೂ ಖಾಲಿ ಆಗ್ತದ, ಹ್ವಾದ ವರ್ಷಾನೂ ಆಕೀನೇ ನೆಕ್ಕಿ ಮುಗಿಸ್ಯಾಳ’ ಅಂತ ನಕ್ಕಿದ್ದೇ ನಕ್ಕಿದ್ದು. ಗೊಣಗಿದ್ದು ಮನ್ನಾ ಆಗ್ಯಾದ, ತಿನ್ನೋದು ಬಾಕಿ ಅದ. ತಾ.”

ನನ್ನ ಜೋಕು ಕಲ್ಯಾಣದವರೆಗೂ ಹೋಗಿತ್ತೇ ಆಯಿ? ಫೋನಿನಲ್ಲಿ ನೀನೇ ಹೇಳಿದ್ದೆಯಾ?

ಅವ್ವ ಬಟ್ಟೆ ಬಿಚ್ಚಿದಳು. ಒಂದು ಹೋಳು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾವಿಬ್ಬರೂ ಕಾದೆವು. “ಉಪ್ಪು ಹೆಚ್ಚಾಗ್ಯಾದ” ಎಂದಳು, ಅಳುತ್ತಲೇ ನಗುತ್ತ. ಮತ್ತೊಂದು ಹೋಳು ತಗೊಂಡಳು.

ಉಳಿದದ್ದನ್ನು ಮೊನ್ನೆ ಭಾನುವಾರ ಅವಳೇ ರೊಟ್ಟಿಯ ಜೊತೆ ನನ್ನ ತರಗತಿಗೆ ಹೊತ್ತು ತಂದಳು. ಕೊಟ್ಟದ್ದನ್ನು ಹಂಚಿ ಉಣ್ಣಬೇಕು, ನಾಳೆಯದನ್ನು ಕೊಡುವವನಿಗೇ ಬಿಡಬೇಕು ಎಂದು ನಾನು ಕೈ ಎತ್ತಿ ಬೋಧಿಸುತ್ತಿದ್ದರೆ, ಮುಂದೆ ಕೂತ ಹುಡುಗಿ, “ಸರ್, ಇಷ್ಟ ಉಪ್ಪಿದ್ರ ಹುಳಾ ಹ್ಯಾಂಗ ಬೀಳ್ತಾವ್ರಿ?” ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಅವ್ವ. ಬರುವ ಬೇಸಿಗೆಗೆ ಹೊಸ ಭರಣಿ ತಾನೇ ಹಾಕುತ್ತಾಳಂತೆ, ನಿನ್ನ ಕೈಯಳತೆಯಲ್ಲೇ. ಪಕ್ಕದಲ್ಲಿ ನಿಂತು ಗೊಣಗುವ ಹೊಣೆ ನನ್ನದು, ಮಾತು ಕೊಟ್ಟಿದ್ದೇನೆ.

ಹೀಗೆ ನಿನ್ನ ಭರಣಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಾಗಿದೆ. ಆದರೆ ಒಂದು ಮಾತು, ಅವ್ವನಿಗೆ ಹೇಳಬೇಡ. ಕಡೆಯ ಹೋಳು ನನ್ನ ಅಂಗಿಗಳ ಹಿಂದೆ, ಸಣ್ಣ ಸ್ಟೀಲ್ ಡಬ್ಬಿಯಲ್ಲಿದೆ. ದಿನಾ ಮುಚ್ಚಳ ತೆಗೆದು ಮೂಸುತ್ತೇನೆ.

ಹುಳ ಬಿದ್ದಿಲ್ಲ, ಆಯಿ.